ಹದಿನಾರು ಬಿಳಿ

ಸದಾಶಿವ ಪೇಠೆಯ ಲ್ಯಾಬಿನಲ್ಲಿ ನನ್ನ ಕೆಲಸ
ಹಲ್ಲು ಕಟ್ಟುವುದು. ಕೀಲಿಗೊಂಚಲಿನ ಹಾಗೆ
ಹದಿನಾರು ಬಿಳಿ ಜೋತ ಪಟ್ಟಿ ಹಿಡಿದು
ಯಾರ ಬಾಯಿಗೆ ಯಾವುದೆಂದು ಹೇಳುವುದು.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬುದು
ನನಗೆ ಗಾದೆಯಲ್ಲ, ಸಂಬಳ.

ಆದರೆ ಕಪ್ಪು?
ವೆಲ್ಹೆಯ ಬಯಲಲ್ಲಿ ಚಳಿಗೆ ನಡುಗುತ್ತ
ಮೂರು ರಾತ್ರಿ ಕೂಡಿಟ್ಟ ಬೆಳಕನ್ನು
ಹಳೆಯ ಲ್ಯಾಪ್‌ಟಾಪಿನಲ್ಲಿ ತಿದ್ದಿದಾಗ
ಮಹಾವ್ಯಾಧನ ಸುತ್ತ ಇದ್ದದ್ದು ಒಂದೇ ಕಪ್ಪು,
ಕಾವಲಿಯ ತಳದಂಥದು.

ತಪಕೀರ್ ಗಲ್ಲಿಯಲ್ಲಿ ಮುಣೋತ್ ಶೇಠ್
ಗಿಳಿ, ಮಾವು, ಸಮುದ್ರ ಓಡಿಸಿ ತೋರಿಸಿದ:
"ಹೇಗೆ ಫಳಫಳ, ನೋಡಿ ಮ್ಯಾಡಂ!"
ಏನೂ ಇಲ್ಲದ್ದನ್ನು ತೋರಿಸಿ, ಅಂದೆ.
ಬರೀ ಕಪ್ಪು. ಅಂಗಡಿಯ ದೀಪವನ್ನೂ ಆರಿಸಿ.
ನಕ್ಕ, ಆರಿಸಿದ. ಮೊದಲನೆಯದರ ಮೂಲೆಗಳಲ್ಲಿ
ಬೆಳಕು ಜಿನುಗುತ್ತಿತ್ತು, ಭಜಿ ಪೊಟ್ಟಣದ ಎಣ್ಣೆಯಂತೆ.
ಎರಡನೆಯದು, ನಾವು ಪಕ್ಕಕ್ಕೆ ಸರಿದರೆ
ಮಾತು ಬದಲಿಸುವ ಜಾತಿ.
ನಾಲ್ಕನೆಯದು ಸುಮ್ಮನೆ ಕಪ್ಪಗಿತ್ತು.
ಚೌಕಾಸಿ ಮಾಡಲಿಲ್ಲ. ಸುಳ್ಳು, ಎಂಟುನೂರು ಇಳಿಸಿದೆ.

ಕ್ಯಾಂಪಿನ ಸ್ಟುಡಿಯೋದ ಕೇಕಿ ಎರವಲು ಕೊಟ್ಟ
ಕಪ್ಪೆಚಿಪ್ಪಿನಷ್ಟು ಯಂತ್ರವನ್ನು
ಪರದೆಯ ಎದೆಗೆ ತೂಗುಬಿಟ್ಟೆ.
ಟ್ಯೂಬ್‌ಲೈಟ್ ಬಂದ್. ಎದುರು ಕಟ್ಟಡದ ದೀಪಮಾಲೆಗೆ
ಕಿಟಕಿ ತುಂಬ ಚಾದರ.
ಕೆಂಪು, ಹಸಿರು, ನೀಲಿ, ಆಮೇಲೆ
ಬೂದಿಯ ಮೆಟ್ಟಿಲು ಒಂದೊಂದೇ ಇಳಿಯುತ್ತ
ಇಪ್ಪತ್ತು ನಿಮಿಷ ಅದು ಏನನ್ನೋ ಎಣಿಸಿತು.
ಹೊಳಪು ನೂರಿಪ್ಪತ್ತಕ್ಕೆ ಇಳಿಯಿತು,
ಬಿಳಿ ಆರೂವರೆ ಸಾವಿರದಲ್ಲಿ ನಿಂತಿತು.

ಅತ್ತೆ ಇಣುಕಿದರು: "ಅಯ್ಯ, ಹೊಸಾದಕ್ಕ
ಕಾಮಾಲಿ ಬಂತೇನ!"
ಇಲ್ಲ, ಇಷ್ಟು ದಿನ ನಾವು ನೋಡಿದ್ದೇ ನೀಲಿ.
ಸ್ವಲ್ಪ ಕೂತಿರಿ, ಕಣ್ಣಿಗೂ ಹೊತ್ತು ಬೇಕು.
ಕೂತರು, ಕತ್ತಲಲ್ಲೇ ಬೆಳ್ಳುಳ್ಳಿ ಬಿಡಿಸುತ್ತ.

ಮೂಲ ಕಡತ ಮತ್ತೆ ತೆರೆದೆ.
ಕೆಳಗಿನ ಅಂಚಿಗೆ ಪುಣೆ ಮೆತ್ತಿಕೊಂಡಿತ್ತು,
ಸ್ವಾರ್‌ಗೇಟಿನ ದೀಪವೆಲ್ಲ ಸೇರಿದ ಕಿತ್ತಳೆ ಕಲೆ.
ಅದರ ಮೇಲೆ, ಕೊಳೆಯೆಂದು ನಾನು ಒರೆಸಿ ಹಾಕಿದ್ದ ಕಡೆ,
ಧೂಳಿನ ಮೋಡ: ಕಂದು, ತೆಳ್ಳಗೆ,
ಆರಿದ ಚಹಾದ ಮೇಲೆ ಕಟ್ಟಿದ ಕೆನೆ.
ಒರೆಸಿದ್ದನ್ನೇ ಚೌಕಟ್ಟು ಹಾಕಿಸಿ
ಡಾಕ್ಟರ್ ಕೇತ್ಕರರ ಗೋಡೆಗೆ ಕೊಟ್ಟಿದ್ದೆ!
ಹೇಗಾದರೂ ವಾಪಸು ತರಬೇಕು.

"ಅಲ್ಲೇನೋ ಅದ" ಎಂದು ಅತ್ತೆ ಬೆರಳಿಟ್ಟರು.
ಬೆಳ್ಳುಳ್ಳಿಯ ಬೆರಳು, ಹೊಸ ಪರದೆ.
ನಾನೇನೂ ಅನ್ನಲಿಲ್ಲ. ಸರಿಯಾದ ಜಾಗಕ್ಕೇ ಇಟ್ಟಿದ್ದರು.

ಯಂತ್ರ ಮರಳಿಸುವಾಗ ಕೇಕಿ ಹೇಳಿದ:
ತಿಂಗಳಿಗೊಮ್ಮೆ ಬಂದು ಒಯ್ಯಿ, ಪರದೆಗೂ ಮುಪ್ಪಿದೆ,
ದಿನಕ್ಕಿಷ್ಟೇ ಇಷ್ಟು ಹಳದಿಯಾಗುತ್ತದೆ,
ನೋಡುವವರಿಗೆ ಗೊತ್ತಾಗುವುದಿಲ್ಲ.
ಗೊತ್ತು, ಅಂದೆ.
ನನ್ನ ಚೀಲದಲ್ಲಿ ಹದಿನಾರೂ ಗಲಗಲ ಅಂದವು.