ಒಂದು ಕಪ್ಪು, ಒಂದು ಕಂದು

ಬೊಂಬೋರ ಎಡಕ್ಕೆಳೆದರೆ ಕೂರ್ಶಾ ಬಲಕ್ಕೆ;
ದೀಪದ ಕಂಬಕ್ಕೂ ನನಗೂ ಸೇರಿಸಿ ಒಂದೇ ಗಂಟು.
ಟಿಬಿಲಿಸಿಯ ಈ ಏರುಬೀದಿಯಲ್ಲಿ ದಿನಾ
ಬ್ರೆಡ್ಡಿನಂಗಡಿಯ ನಾಟೇಲಾ ಬಂದು ಬಿಡಿಸಬೇಕು,
ಕೈತುಂಬ ಹಿಟ್ಟು, ಬಾಯಿತುಂಬ ಬೈಗುಳ.

ನಿನ್ನೆ ಬೊಂಬೋರ ಕಚ್ಚಿ ತಂದಳು
ಯಾರದೋ ಎಡಗಾಲಿನ ಬೂಟು.
ಇವತ್ತು ಕೂರ್ಶಾ, ಹಿಂದೆ ಬಿದ್ದಾನೆಯೇ,
ಬಲಗಾಲಿನದು ತಂದ.
ಸದ್ಯ, ಜೋಡಿಯಾಯಿತು ಅಂದುಕೊಂಡೆ.
ಒಂದು ಕಪ್ಪು, ಒಂದು ಕಂದು.

ಸಂಜೆ ಬಾಗಿಲಲ್ಲಿ
ಮೇಲ್ಮನೆಯ ಅವ್ತೋ, ಕೆಳಮನೆಯ ಗುರಾಮ್.
ದ್ರಾಕ್ಷಿಬಳ್ಳಿಯ ಜಗಳಕ್ಕೆ
ಹನ್ನೊಂದು ವರ್ಷ ಮಾತು ಬಿಟ್ಟವರು,
ಒಂದೊಂದು ಪಾದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ
ಜಾರುವ ಹಿಮದಲ್ಲಿ
ಒಬ್ಬರ ಹೆಗಲು ಒಬ್ಬರು ಹಿಡಿದು.

ಕಳ್ಳರಿಬ್ಬರೂ ಮೇಜಿನಡಿ. ಬಾಲ ಮಾತ್ರ ಹೊರಗೆ.

ಬೂಟುಗಳಿಗೆ ನಾಲಿಗೆಯೇ ಉಳಿದಿರಲಿಲ್ಲ.
ಅವರಿಗೆ ಬಂದಿತ್ತು:
ಇಬ್ಬರೂ ಸೇರಿ ನನ್ನನ್ನು ಬೈದರು.