ಒಂದು ಕಮ್ಮಿ

ಬಳ್ಳಾರಿ ಗುಡ್ಡದ ಬುಡ, ಚಾಂದಮಾರಿ.
ಹಾರಿದ್ದು ಮುನ್ನೂರು ಗುಂಡು,
ಕೆಮ್ಮಣ್ಣು ಕೆದಕಿ ಆರಿಸಿದ ಖಾಲಿ ಕೇಸು
ಇನ್ನೂರ ತೊಂಬತ್ತೊಂಬತ್ತು.

ಸಾಹೇಬರು ಜೀಪು ಹತ್ತಲಿಲ್ಲ.
ಆರ್ಮರಿಯ ಹೊನ್ನೂರಪ್ಪ ಮಾತ್ರ
ಸಿಕ್ಕವನ್ನೇ ಒರೆಸುತ್ತ ಕೂತಿದ್ದ,
ತಳದ ಗುಳಿಗೆ ಉಗುರು ತಾಗಿಸಿ:
'ಒಮ್ಮೆ ಸುಟ್ಟ ಹಿತ್ತಾಳಿ
ತನ್ನ ಬಂದೂಕಿನ ಅಳತಿಗೇ ಹಿಗ್ಗಿರ್ತದವ್ವ,
ಇನ್ನೊಂದರಾಗ ಹಾಕು, ಕೂಡಲ್ಲ.'

ಮಗುವಿಗೆ ಹಾಲೂಡಿಸಲೆಂದು
ನನ್ನೊಬ್ಬಳನ್ನು ಬಿಟ್ಟರು.
ಕ್ವಾರ್ಟರ್ಸಿನಲ್ಲಿ ಅಂಗಿಯ ತೋಳು ಇಳಿಸಿದರೆ
ಮಡಿಕೆಯಿಂದ, ಟಣ್!
ಚುರುಕ್ ಅಂದದ್ದನ್ನು
ಬಿಸಿಲೆಂದುಕೊಂಡಿದ್ದೆ.

ಹುಣಸೆಹುಳಿ ಹಚ್ಚಿ ತಿಕ್ಕಿದೆ, ಯಾಕೋ.
ತುಟಿಗಿಟ್ಟು ಊದಿದೆ.
ಸಣ್ಣ ಸಿಳ್ಳಿಗೆ
ಮೊಲೆ ಬಿಟ್ಟು ತಿರುಗಿ ನೋಡಿತು ಮಗು.

ಗುಡ್ಡದ ಬುಡದಲ್ಲಿ ಆಗಲೇ
ಟಾರ್ಚುಗಳು.
ಮುಷ್ಟಿ ಬಿಗಿಹಿಡಿದು ಓಡಿದೆ.
ಎಲ್ಲರ ಕೇಸೂ ಮಸಿ,
ನನ್ನದೊಂದು ಹೊಳೆಯುತ್ತದೆ—
ಏನು ಹೇಳಲಿ?