ಸ್ವಿಂಡನ್ನಿನ ನಕ್ಷೆ, ಹಳದೋಣೆಯ ಗೂಡು

ನಕ್ಷೆ ಬಂದದ್ದು ಸ್ವಿಂಡನ್‌ದಿಂದ.
ಎರ್ಮೆಲಿಂಡಾ ಬಾಯಿಯ ಅಳಿಯ ಕಳಿಸಿದ್ದು,
ಮಾಪ್ಸಾದ ಜೆರಾಕ್ಸ್ ಅಂಗಡಿಯೊಳಗ
ನಾಕು ಹಾಳಿಯಾಗಿ ಹೊರಬಿದ್ದು
ಅಂಟುಪಟ್ಟಿ ಹಚ್ಚಿಕೊಂಡು ನನ್ನ ಕೈಗೆ ಬಂತು.
"ಇದ್ದದ್ದು ಇದ್ದಂಗ ಮಾಡು, ಮಾಗುಂಡ್" ಅಂದ್ಲು ಬಾಯಿ,
ಅರ್ಧ ಕೊಂಕಣಿ, ಅರ್ಧ ಹಿಂದಿ.
ನನ್ನ ಹೆಸರಿನ ಹಿಂದಿನ ಅಪ್ಪನ್ನ
ಇಪ್ಪತ್ತೆರಡು ವರ್ಷಾತು, ಆಕಿ ಕರೆದೇ ಇಲ್ಲ.

ಇದ್ದದ್ದು ಇದ್ದಂಗ ಹೆಂಗ ಮಾಡಲಿ?
ಹಾಳಿ ಹೇಳತೈತಿ: ಗ್ವಾಡಿ ಎರಡು ಪದರ ಇರಲಿ,
ನಡುವ ಉಣ್ಣಿ ತುಂಬು, ಚಳಿಗೆ.
ಹಳದೋಣೆಯ ಮೇ ತಿಂಗಳಿಗೆ ಉಣ್ಣಿ ತುಂಬಿದರ
ಮಸಾಲಿ ಅರಿಯೂದೊಂದ ಬಾಕಿ.
ಹಾಳಿಯ ಮಾಡು ಹಿಮ ಜಾರಲಿಕ್ಕೆ,
ಇಲ್ಲಿ ಮಳಿ ಮ್ಯಾಲಿಂದ ಬೀಳೂದಿಲ್ಲ,
ಪಡುವಣದಿಂದ ಅಡ್ಡ ಬಂದು ಕದಾ ಬಡೀತೈತಿ.
ಆ ಕಡೆ ಮಾಡಿನ ಸೆರಗು ಒಂದೂವರಿ ಫೂಟು ಇಳಿಬಿಟ್ಟೆ.

ಗೇಣುದ್ದ ಇದ್ದ ಕಾಲು ಎರಡೂವರಿ ಫೂಟಾದವು.
ಕೆಳಗ ಕೆಂಪು ಚಿರೆಕಲ್ಲು,
ಒಂದೊಂದು ಕಾಲಿಗೆ ಒಂದೊಂದು ಹಾಲಿನ ಪುಡಿಯ ಡಬ್ಬಿ,
ಡಬ್ಬಿಯೊಳಗ ಗ್ಯಾರೇಜಿನ ಸುಟ್ಟ ಎಣ್ಣಿ.
ಇರಿವಿ ಬಂದು ನೋಡಿ ಹೋದವು.

ಜಾಳಗಿ ಅರ್ಧ ಇಂಚಿನದು,
ಮುಂಗಲಿಯ ಮೂತಿ ಅಳತಿ ಮಾಡಿ ತಂದದ್ದಲ್ಲ,
ಅಂದಾಜು.
ಒಂದು ಫೂಟು ಮಣ್ಣಾಗ ಹೂತು ಹೊರಗ ಮಣಿಸೀನಿ.
ಬಾಜೂಕ ಕಾಯ್ತಾನನ ಗೂಡಿನ ಚಿಲಕ
ಪುನುಗು ಬೆಕ್ಕು ಕಲ್ತು ಬಿಟ್ಟಿತ್ತಂತ;
ಹಿಂಗಾಗಿ ಇಲ್ಲಿ ಎರಡು:
ಒಂದು ತಿರುವಿದರ ಬಿಚ್ಚೂದು, ಒಂದು ಎತ್ತಿದರ.
ಎರಡೂ ಬಲ್ಲ ಬೆಕ್ಕು ಬಂದರ
ಕೂಲಿ ಕೊಟ್ಟು ಇಟಗೋತೀನಿ.

ಹಲಗಿ ನನ್ನವ.
ಸೆಂಟ್ರಿಂಗ್ ಹಲಗಿ, ಸಿಮೆಂಟು ಕಚ್ಚಿದ್ದು.
ಸ್ಲ್ಯಾಬು ಗಟ್ಟಿ ಆತು ಅಂದರ
ನನ್ನ ಕೆಲಸ ಕಿತ್ತು ಕೆಳಗ ಒಗೀತಾರ,
ಅದ ಅದರ ಧರ್ಮ.
ಹತ್ತರಿ ಎಳದೆ. ಒಳಗಿನ ಮರ
ಇನ್ನೂ ವಾಸನಿ ಕೊಡತಿತ್ತು.

ಕೆಳಗಿನ ವಾಡ್ಯಾದಾಗ ಹಳೇ ಮನಿ ಒಡದಾಗ ಸಿಕ್ಕ
ಚಿಪ್ಪಿನ ಕಿಟಕಿ ಒಂದು, ಮೂಲಿ ಮುರದದ್ದು,
ಮೂಡಣಕ್ಕ ಕೂಡಿಸಿದೆ.
ನಕ್ಷೆಯೊಳಗ ಇರಲಿಲ್ಲ ಅದು.
ಮುಂಜಾನೆ ಕೋಳಿಗಳ ಮ್ಯಾಲ
ಮಜ್ಜಿಗಿ ತಿಳಿಯಂಥ ಬೆಳಕು.
"ಇದು ಇಗರ್ಜಿಯೋ ಗೂಡೋ" ಅಂತ ಬಾಯಿ ನಕ್ಕಳು,
ಆಮ್ಯಾಲ ಸುಮ್ಮನ ನಿಂತಳು, ಚಾ ಆರೂತನಕ.

ಹಾಳಿಯ ಮೂಲ್ಯಾಗ ಒಬ್ಬ ಮನಷ್ಯಾ ನಿಂತಾನ.
ಮಾರಿ ಇಲ್ಲ, ಅಂಗಿ ಇಲ್ಲ,
ಅಳತಿ ತಿಳೀಲಿ ಅಂತ ನಿಲ್ಲಿಸಿದವ.
ಆರು ಫೂಟು. ಸೊಂಟ ನೆಟ್ಟಗ. ಮಣಕಾಲು ನೋಯೂದಿಲ್ಲ ಅವಗ.
ಅವನ ಲೆಕ್ಕದಾಗ ತತ್ತಿಯ ಪೆಟ್ಟಿಗಿ ಮಣಕಾಲಿಗೆ ಬರತಿತ್ತು.

"ಬಾಯಿ, ಸ್ವಲ್ಪ ಇಲ್ಲಿ ನಿಂದರ್ರಿ" ಅಂದೆ.
ಕೈಯಾಗ ತಾಟು ಕೊಟ್ಟೆ.
"ಯಾರಿಗರೆ ಬಡಿಸೋವಂಗ ಹಿಡೀರಿ."
ಹಿಡದಳು. ಗೋಡಂಬಿ ಗಿಡದ ಕೆಳಗ,
ಎಪ್ಪತ್ತೊಂದು ವರ್ಷದಾಕಿ,
ಖಾಲಿ ತಾಟು, ಎದುರಿಗೆ ಯಾರೂ ಇಲ್ಲ.
ಪೆನ್ಸಿಲ್ಲಿನಿಂದ ಕಂಬಕ್ಕೊಂದು ಗೀಟು ಹಾಕಿದೆ.
ಆ ಗೀಟಿಗೆ ಪೆಟ್ಟಿಗಿ, ಮ್ಯಾಲ ಮುಚ್ಚಳ,
ಹೊರಗಿನಿಂದ ಎತ್ತಿದರ ತತ್ತಿ ಕೈಗೆ.
ಬಗ್ಗೂದು ಬ್ಯಾಡ.

ಮಾಪ್ಸಾದ ಶುಕ್ರವಾರದ ಪ್ಯಾಟಿಯಿಂದ
ಆರು ಹ್ಯಾಟಿ ಬಂದವು, ಕಾಲು ಕಟ್ಟಿಸಿಕೊಂಡು.
ಪೆಟ್ಟಿಗಿ ಮೂರು. ಭತ್ತದ ಹುಲ್ಲು ಹಾಸಿದ್ದು.
ಒಳಗ ಹೋದವು, ನೋಡಿದವು,
ಕಿಟಕಿಗೆ ಕೊಕ್ಕು ಕುಟ್ಟಿದವು,
ಮನಿ ತೋರಿಸಿದ ದಲ್ಲಾಳಿಗೆ
ಹೇಳಿ ಕಳಿಸತೀವಿ ಅಂದಂಗ
ಹೊರಗ ಬಂದವು.

ಒಂಬತ್ತು ದಿನ ತಾಟು ಖಾಲಿ.
ಅಳಿಯಗ ಫೋನು ಹೋತು. ಅವ ಅಂದ,
"ನಕ್ಷೆಯ ಪ್ರಕಾರ ಮಾಡಿಲ್ಲ ನೋಡ್ರಿ."
ಬಾಯಿ ನನ್ನ ಕಡೆ ನೋಡಲಿಲ್ಲ,
ಅದು ಆಕಿ ದೊಡ್ಡತನ.

ಹತ್ತನೇ ದಿನ ಕಿಟಕಿಯ ಮೂಲಿ ರಿಪೇರಿ ಇತ್ತು.
ಮುಗಿಸಿ, ಕಾಯ್ತಾನನ ಗೇಟಿನ ಕೆಲಸಕ್ಕ ಹೋಗೂಣಂತ
ಗೋಣಿಚೀಲಕ್ಕ ಕೈ ಹಾಕಿದೆ:
ಕರಗಸದ ಹಿಡಿಕಿಯ ಬಾಜೂಕ,
ಮೊಳಿಪೊಟ್ಟಣದ ಮ್ಯಾಲ,
ಬೆಚ್ಚಗ ಒಂದು.

ಕರಿಯಾಕಿ ಒಬ್ಬಾಕಿ ಕಟ್ಟಿ ಮ್ಯಾಲ ನಿಂತು
ಊರಿಗೆಲ್ಲ ಡಂಗುರ ಹೊಡೀತಿದ್ದಳು.

ಅವತ್ತು ಕಾಯ್ತಾನನ ಸುತ್ತಿಗಿ ಇಸಕೊಂಡು
ಕಾಯ್ತಾನನ ಗೇಟು ಮಾಡಿದೆ.
ಚೀಲ ಅಲ್ಲೇ ಬಿಟ್ಟು ಬಂದಿದ್ದೆ.